ಗೊತ್ತಿರುವ ಪದಗಳೇ ಕೈಕೊಟ್ಟಾಗ

ಕಳೆದ ಭಾನುವಾರ ಧಾರವಾಡದಿಂದ ಅಕ್ಕನ ಮಗಳು ಫೋನು ಮಾಡಿದ್ದಳು. ಅವಳು ಅಲ್ಲಿ ಪಿಜಿಯೊಂದರಲ್ಲಿದ್ದುಕೊಂಡು ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ಲೆಕ್ಕ ಮತ್ತು ರೀಸನಿಂಗ್‌ನಲ್ಲಿ ಅವಳನ್ನು ಹಿಡಿಯುವವರಿಲ್ಲ; ಮಾಕ್ ಟೆಸ್ಟ್‌ಗಳಲ್ಲಿ ಇಂಗ್ಲಿಷ್ ವಿಭಾಗ ಮಾತ್ರ ಪ್ರತಿ ಸಲವೂ ಅವಳನ್ನು ಕಟಾಫ್‌ನ ಅಂಚಿಗೆ ತಂದು ನಿಲ್ಲಿಸುತ್ತದೆ. "ಮೂರು ಸಾವಿರ ಪದ ಬಾಯಿಪಾಠ ಮಾಡಿದೀನಿ ಮಾಮ, ಆದ್ರೂ ಪ್ಯಾಸೇಜ್ ಬಂದ್ರೆ ತಲೆನೇ ಓಡಲ್ಲ" ಎಂದಳು. ತಪ್ಪಾದ ಪ್ರಶ್ನೆಗಳ ಫೋಟೊ ತೆಗೆದು ಕಳಿಸಲು ಹೇಳಿದೆ. ಒಂಬತ್ತು ಬಂದವು. ಅವುಗಳ ಪೈಕಿ ಆರರಲ್ಲಿ ಅವಳಿಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ.

ಒಂದು ಗದ್ಯಭಾಗ ಅಂತರರಾಷ್ಟ್ರೀಯ ವ್ಯಾಪಾರದ ಬಗ್ಗೆ ಇತ್ತು. ಒಂದು ದೇಶದ ಮೇಲೆ ಉಳಿದ ದೇಶಗಳು ಸ್ಯಾಂಕ್ಷನ್ ಹೇರಿದ್ದರಿಂದ ಏನೇನಾಯಿತು ಎಂಬುದು ಅದರ ವಿಷಯ. ಇವಳು ಅದನ್ನು ಓದಿಕೊಂಡದ್ದು ಆ ದೇಶಕ್ಕೆ ಏನೋ ಮಂಜೂರಾಗಿದೆ ಎಂದು. ಅವಳ ತಪ್ಪೇನೂ ಇಲ್ಲ. ನಮ್ಮ ಊರಿನಲ್ಲಿ ಓದು ಬರಹ ಬಾರದವರೂ "ಲೋನ್ ಸ್ಯಾಂಕ್ಷನ್ ಆಯ್ತಾ?" ಎಂದು ಕೇಳುತ್ತಾರೆ; ಆ ಪದಕ್ಕೆ ಒಪ್ಪಿಗೆ ಎನ್ನುವುದರ ಹೊರತು ಬೇರೆ ಅರ್ಥವಿದ್ದೀತೆಂದು ಯಾರಿಗೂ ಅನುಮಾನ ಬರುವುದಿಲ್ಲ. ಇಂಗ್ಲಿಷಿನಲ್ಲಿ ಅದೇ ಪದ ನಿರ್ಬಂಧ, ದಂಡನೆ ಎಂಬ ಅರ್ಥವನ್ನೂ ಹೊತ್ತುಕೊಂಡಿದೆ. ಒಂದೇ ಪದಕ್ಕೆ ಒಂದಕ್ಕೊಂದು ಎದುರಾದ ಎರಡು ಅರ್ಥ. ಮೊದಲ ಸಾಲಿನಲ್ಲಿ ಅರ್ಥ ತಿರುಗುಮುರುಗಾದ ಮೇಲೆ ಅದರಡಿಯ ಪ್ರಶ್ನೆಗಳೆಲ್ಲ ಒಂದರ ಹಿಂದೊಂದು ಬಿದ್ದುಹೋಗಿದ್ದವು.

ಗೊತ್ತಿಲ್ಲದ ಪದ ಬಂದಾಗ ನಾವು ನಿಲ್ಲುತ್ತೇವೆ, ಹಿಂದೆ ಮುಂದೆ ನೋಡುತ್ತೇವೆ, ಸಂದರ್ಭದಿಂದ ಊಹಿಸುತ್ತೇವೆ. ಗೊತ್ತಿರುವ ಪದ ಬಂದಾಗ ನಿಲ್ಲುವುದೇ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದು ಹೆಚ್ಚು ಪೆಟ್ಟು ಕೊಡುತ್ತದೆ, ಏಕೆಂದರೆ ನಾವು ದಿನವಿಡೀ ಆಡುವ ನೂರಾರು ಇಂಗ್ಲಿಷ್ ಪದಗಳು ಈಗ ವಾಸ್ತವವಾಗಿ ಕನ್ನಡ ಪದಗಳು. ಅವು ಇಲ್ಲಿಗೆ ಬರುವಾಗ ತಮ್ಮ ಹತ್ತು ಅರ್ಥಗಳಲ್ಲಿ ಒಂದನ್ನಷ್ಟೇ ತಂದು, ಉಳಿದವನ್ನು ತವರಿನಲ್ಲಿಯೇ ಬಿಟ್ಟು ಬಂದಿವೆ. ಫಂಕ್ಷನ್ ಎಂದರೆ ನಮಗೆ ಮದುವೆ ಮುಂಜಿ, ಡೌಟ್ ಎಂದರೆ ಮೇಷ್ಟ್ರ ಬಳಿ ಕೇಳುವ ಪ್ರಶ್ನೆ, ಸೀರಿಯಸ್ ಎಂದರೆ ಐಸಿಯುನಲ್ಲಿರುವ ರೋಗಿ, ಅರೆಸ್ಟ್ ಎಂದರೆ ಪೊಲೀಸರ ಕೆಲಸ. ರೂಪಾಯಿಯ ಕುಸಿತವನ್ನು ಅರೆಸ್ಟ್ ಮಾಡಲು ರಿಸರ್ವ್ ಬ್ಯಾಂಕ್ ಮುಂದಾಯಿತು ಎಂಬ ವಾಕ್ಯ ಪರೀಕ್ಷೆಯಲ್ಲಿ ಬಂದರೆ ಅಲ್ಲಿ ಪೊಲೀಸರೂ ಇಲ್ಲ, ಕೈಕೋಳವೂ ಇಲ್ಲ, ತಡೆದು ನಿಲ್ಲಿಸುವುದು ಎಂಬ ಅರ್ಥವಷ್ಟೇ ಇದೆ. ರೂಪಾಯಿ ಅಪ್ರಿಷಿಯೇಟ್ ಆಯಿತು ಎಂದರೆ ಯಾರೂ ಅದನ್ನು ಮೆಚ್ಚಿಕೊಂಡಿಲ್ಲ, ಅದರ ಬೆಲೆ ಏರಿದೆ.

ಬ್ಯಾಂಕ್ ಪರೀಕ್ಷೆಗೆ ಓದುವವರು ರಿಸರ್ವ್ ಬ್ಯಾಂಕಿನ ಹಣಕಾಸು ನೀತಿಯ ಹೇಳಿಕೆಗಳನ್ನು ಓದಲೇಬೇಕಾಗುತ್ತದೆ. 2022ರಿಂದ 2024ರ ಅಕ್ಟೋಬರ್‌ವರೆಗೂ ಆ ಹೇಳಿಕೆಗಳಲ್ಲಿ 'ವಿದ್‌ಡ್ರಾವಲ್ ಆಫ್ ಅಕಾಮಡೇಷನ್' ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಅಕಾಮಡೇಷನ್ ಎಂದರೆ ಲಾಡ್ಜು, ಹಾಸ್ಟೆಲು, ಮದುವೆಗೆ ಬಂದವರಿಗೆ ಕೊಡುವ ರೂಮು ಎಂದು ಬೆಳೆದ ನಮಗೆ ರಿಸರ್ವ್ ಬ್ಯಾಂಕ್ ಯಾರ ರೂಮು ಖಾಲಿ ಮಾಡಿಸುತ್ತಿದೆ ಎಂದು ತಿಳಿಯುವುದಾದರೂ ಹೇಗೆ? ಆರ್ಥಿಕತೆಗೆ ಅಗ್ಗದ ಹಣ ಸಿಗುವಂತೆ ಕೊಟ್ಟಿದ್ದ ಸಡಿಲಿಕೆಯನ್ನು ಹಿಂತೆಗೆದುಕೊಳ್ಳುವುದು ಎಂಬುದು ಅದರ ಅರ್ಥ. ಇದು ಯಾವ ಪದಪಟ್ಟಿಯಲ್ಲಿಯೂ ಸಿಗುವುದಿಲ್ಲ, ಏಕೆಂದರೆ ಪಟ್ಟಿ ಮಾಡುವವರು ಅಕಾಮಡೇಷನ್ ಎಲ್ಲರಿಗೂ ಗೊತ್ತಿರುವ ಪದವೆಂದು ಬಿಟ್ಟುಬಿಡುತ್ತಾರೆ.

ನಾನು ಇದನ್ನೆಲ್ಲ ಬುದ್ಧಿವಂತಿಕೆಯಿಂದ ಕಲಿತವನಲ್ಲ. ಅರಸೀಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಯಲ್ಲಿ ಎಬಿಸಿಡಿ ಶುರು ಮಾಡಿದವನು ನಾನು. ಬ್ಯಾಂಕ್ ಪರೀಕ್ಷೆಯ ಮೊದಲ ಪ್ರಯತ್ನದಲ್ಲಿ ಒಟ್ಟು ಅಂಕ ಸಾಕಷ್ಟಿದ್ದರೂ ಇಂಗ್ಲಿಷಿನ ವಿಭಾಗವಾರು ಕಟಾಫ್‌ಗೆ ಕಾಲು ಅಂಕ ಕಡಿಮೆಯಾಗಿ ಹೊರಬಿದ್ದೆ. ಆ ಕಾಲು ಅಂಕ ಎಲ್ಲಿ ಹೋಯಿತೆಂಬುದು ನನಗೆ ಖಚಿತವಾಗಿ ಗೊತ್ತಿದೆ. ಹನಿ ನೀರಾವರಿಯ ಬಗ್ಗೆ ಒಂದು ಗದ್ಯಭಾಗ ಬಂದಿತ್ತು. ನೋಡಿದೊಡನೆ ಖುಷಿಯಾಯಿತು, ನಮ್ಮ ತೆಂಗಿನ ತೋಟಕ್ಕೆ ಡ್ರಿಪ್ ಪೈಪು ಎಳೆದದ್ದೇ ನಾನು ಮತ್ತು ಅಪ್ಪ. ಗದ್ಯವನ್ನು ಅರ್ಧಂಬರ್ಧ ಓದಿ, ಹನಿ ನೀರಾವರಿಯಿಂದ ಅಂತರ್ಜಲ ಉಳಿಯುತ್ತದೆ ಎಂಬ ಉತ್ತರಕ್ಕೆ ಗುರುತು ಹಾಕಿದೆ. ಲೇಖಕ ಹೇಳಿದ್ದು ಬೇರೆಯೇ ಆಗಿತ್ತು: ಎಕರೆಗೆ ಬೇಕಾಗುವ ನೀರು ಕಡಿಮೆಯಾದರೂ, ಉಳಿದ ನೀರಿನಲ್ಲಿ ರೈತರು ಇನ್ನಷ್ಟು ಜಮೀನಿಗೆ ನೀರು ಹಾಯಿಸುವುದರಿಂದ ಅಥವಾ ಹೆಚ್ಚು ನೀರು ಬೇಡುವ ಬೆಳೆಗೆ ಹೋಗುವುದರಿಂದ ಒಟ್ಟು ಬಳಕೆ ಇಳಿಯದೆ ಇರಬಹುದು ಎಂದು. ಊರಿಗೆ ಹೋಗಿ ಯೋಚಿಸಿದರೆ ಅಪ್ಪ ಮಾಡಿದ್ದೂ ಅದನ್ನೇ. ಡ್ರಿಪ್ ಬಂದ ಮರುವರ್ಷವೇ ರಾಗಿ ಹೊಲದಲ್ಲಿ ಅಡಿಕೆ ಸಸಿ ನೆಟ್ಟಿದ್ದರು. ಪ್ರಶ್ನೆಯ ತಲೆಯ ಮೇಲೆ 'ಗದ್ಯಭಾಗದ ಪ್ರಕಾರ' ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಆ ಎರಡು ಪದಗಳನ್ನು ನಾನು ಅಲಂಕಾರವೆಂದು ತಿಳಿದಿದ್ದೆ. ಅಂದಿನಿಂದ ನನಗೆ ಚೆನ್ನಾಗಿ ಗೊತ್ತಿರುವ ವಿಷಯದ ಗದ್ಯ ಬಂದರೆ ಭಯವಾಗುತ್ತದೆ. ಅಂಟಾರ್ಕ್ಟಿಕಾದ ಪೆಂಗ್ವಿನ್ ಬಗ್ಗೆ ಬಂದರೆ ನಿಶ್ಚಿಂತೆ.

ಪದ ಕಲಿಯುವ ವಿಷಯಕ್ಕೆ ಬಂದರೆ, ನಾನು ಹೋಗುತ್ತಿದ್ದ ಕೋಚಿಂಗ್‌ನಲ್ಲಿ ಜೆರಾಕ್ಸ್ ಮಾಡಿದ ದಪ್ಪ ಪಟ್ಟಿಯೊಂದನ್ನು ಕೊಟ್ಟಿದ್ದರು. ಒಂದು ಇಂಗ್ಲಿಷ್ ಪದ, ಎದುರಿಗೆ ಒಂದು ಕನ್ನಡ ಪದ. ಅದನ್ನು ಉರು ಹೊಡೆದರೆ ಎಬಿ ಅಕ್ಷರದ ಪದಗಳು ಮಾತ್ರ ಗಟ್ಟಿಯಾಗುತ್ತವೆ, ಏಕೆಂದರೆ ಪ್ರತಿ ಸೋಮವಾರ ನಾವು ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ. ನನ್ನ ಕೈಹಿಡಿದದ್ದು ಲಗ್ನಪತ್ರಿಕೆ. ಮನೆಗೆ ಬಂದ ಪತ್ರಿಕೆಗಳ ಖಾಲಿ ಬೆನ್ನನ್ನು ಇಸ್ಪೀಟೆಲೆಯ ಅಳತೆಗೆ ಕತ್ತರಿಸಿ, ಒಂದು ಬದಿಯಲ್ಲಿ ಪದವಿರುವ ಪೂರ್ತಿ ವಾಕ್ಯವನ್ನೂ ಇನ್ನೊಂದು ಬದಿಯಲ್ಲಿ ಅದರ ಅರ್ಥವನ್ನೂ ಬರೆದು, ಚಪ್ಪಲಿಯ ಡಬ್ಬಿಯಲ್ಲಿ ಐದು ಖಾನೆ ಮಾಡಿ ಇಟ್ಟುಕೊಂಡಿದ್ದೆ. ನೆನಪಿದ್ದ ಪದ ಮುಂದಿನ ಖಾನೆಗೆ, ಮರೆತದ್ದು ಮೊದಲ ಖಾನೆಗೆ. ಮೊದಲ ಖಾನೆಯನ್ನು ದಿನವೂ, ಕೊನೆಯದನ್ನು ತಿಂಗಳಿಗೊಮ್ಮೆಯೂ ನೋಡುವುದು. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ವಿಧಾನ ಇದು. ಈಗಿನ ಆ್ಯಪ್‌ಗಳೂ ಒಳಗೆ ಇದೇ ಬಗೆಯ ಲೆಕ್ಕವನ್ನು ಮಾಡುತ್ತವೆ, ಆದರೆ ಫೋನು ತೆರೆದವರು ಪದ ನೋಡಿಯೇ ಮುಚ್ಚುತ್ತಾರೆಂದು ನನಗೆ ನಂಬಿಕೆಯಿಲ್ಲ.

ಧಾತು ಹಿಡಿದು ಕಲಿಯಿರಿ ಎನ್ನುತ್ತಾರೆ. ಒಳ್ಳೆಯ ಸಲಹೆ, ಮತ್ತು ಅದನ್ನು ಅರ್ಥ ಮಾಡಿಕೊಳ್ಳಲು ಕನ್ನಡಿಗರಿಗೆ ಲ್ಯಾಟಿನ್ ಬೇಕಿಲ್ಲ. ಉಪಸರ್ಗವು ಧಾತುವಿನ ಅರ್ಥವನ್ನು ಬಲವಂತವಾಗಿ ಬೇರೆಡೆಗೆ ಎಳೆದೊಯ್ಯುತ್ತದೆ ಎಂದು ಸಂಸ್ಕೃತದಲ್ಲಿ ಒಂದು ಹಳೆಯ ಶ್ಲೋಕವಿದೆ. ಅದಕ್ಕೆ ಅಲ್ಲಿ ಕೊಡುವ ಉದಾಹರಣೆಗಳು ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ. ಈ ಐದೂ ನಮ್ಮ ದಿನಬಳಕೆಯ ಪದಗಳು. ಹಾಗೆಯೇ ನೋಡು ಎಂಬ ಅರ್ಥದ ಸ್ಪೆಕ್ಟ್ ಒಳಗೆ ನೋಡಿದರೆ ಇನ್‌ಸ್ಪೆಕ್ಟ್, ಮುಂದೆ ನೋಡಿದರೆ ಪ್ರಾಸ್ಪೆಕ್ಟ್, ಸುತ್ತಲೂ ನೋಡಿ ಹೆಜ್ಜೆಯಿಡುವವನು ಸರ್ಕಮ್‌ಸ್ಪೆಕ್ಟ್. ಆದರೆ ಧಾತುವನ್ನೇ ನಂಬಿ ಕಣ್ಣುಮುಚ್ಚಿ ನಡೆಯಬಾರದು. 'ಇನ್' ಎಂದರೆ ಇಲ್ಲ ಎಂದು ಕಲಿತವರು ಇನ್‌ವ್ಯಾಲ್ಯುಯಬಲ್ ಎಂಬುದಕ್ಕೆ ಬೆಲೆಯಿಲ್ಲದ್ದು ಎಂದು ಗುರುತು ಹಾಕುತ್ತಾರೆ. ನಮ್ಮ ಅಮೂಲ್ಯ ಎಂಬ ಪದವನ್ನು ಒಮ್ಮೆ ನೆನೆದಿದ್ದರೆ ಸಾಕಿತ್ತು. ಅಲ್ಲಿಯೂ ಮೂಲ್ಯ ಇಲ್ಲವೆಂದೇ ಇದೆ, ಆದರೂ ಯಾರೂ ಅದನ್ನು ಕಸವೆಂದು ತಿಳಿಯುವುದಿಲ್ಲ.

ಗದ್ಯಭಾಗ ನಿಧಾನವಾಗುವುದಕ್ಕೆ ಪದಕ್ಕಿಂತ ದೊಡ್ಡ ಕಾರಣ ವಾಕ್ಯದ ಜೋಡಣೆ. ನಮ್ಮ ಮೇಷ್ಟ್ರು ಇಂಗ್ಲಿಷ್ ಪಾಠವನ್ನು ಒಂದೊಂದು ಸಾಲು ಓದಿ, ಒಂದೊಂದು ಸಾಲಿಗೂ ಕನ್ನಡ ಹೇಳಿ ಮುಗಿಸುತ್ತಿದ್ದರು. ಆ ಅಭ್ಯಾಸ ಒಳಗೇ ಉಳಿದುಬಿಡುತ್ತದೆ. 'ಬ್ಯಾಂಕುಗಳು ರೈತರಿಗೆ ಕೊಟ್ಟಿದ್ದ ಸಾಲ ಮನ್ನಾ ಆಯಿತು' ಎನ್ನುವಾಗ ನಮ್ಮಲ್ಲಿ ವಿವರವೆಲ್ಲ ಮೊದಲು ಬಂದು ಸಾಲ ಆಮೇಲೆ ಬರುತ್ತದೆ, ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಸಾಲ ಮೊದಲು ಬಂದು ನಿಲ್ಲುತ್ತದೆ, ಯಾರು ಕೊಟ್ಟದ್ದು, ಯಾರಿಗೆ ಕೊಟ್ಟದ್ದು ಎಂಬುದು ಅದರ ಹಿಂದೆ ಬಾಲದಂತೆ ಬರುತ್ತದೆ, ಸಾಲಕ್ಕೆ ಏನಾಯಿತು ಎಂಬುದು ಆ ಬಾಲ ಮುಗಿದ ಮೇಲೆ. ಮನಸ್ಸಿನಲ್ಲಿಯೇ ಕನ್ನಡ ಮಾಡಿಕೊಳ್ಳುವವರು ವಾಕ್ಯದ ಕೊನೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಗಬೇಕಾಗುತ್ತದೆ. ಮೂವತ್ತು ಪದಗಳ ವಾಕ್ಯವನ್ನು ಹೀಗೆ ಮೂರು ಸಲ ಓದಿದರೆ ಸಮಯ ಎಲ್ಲಿಂದ ಬರಬೇಕು? ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟೇ: ಪೆನ್ಸಿಲ್ ಹಿಡಿದು, ಬಾಲ ಶುರುವಾಗುವ ಕಡೆ ಒಂದು ಗೆರೆ, ಮುಗಿಯುವ ಕಡೆ ಇನ್ನೊಂದು ಗೆರೆ ಎಳೆ, ಗೆರೆಗಳ ಹೊರಗಿರುವುದನ್ನು ಮೊದಲು ಓದು. ಎರಡು ತಿಂಗಳು ಹೀಗೆ ಮಾಡಿದರೆ ಆಮೇಲೆ ಪೆನ್ಸಿಲ್ ಬೇಕಾಗುವುದಿಲ್ಲ. ಬೇಕಾಗಲೂಬಾರದು, ಪರೀಕ್ಷೆ ನಡೆಯುವುದು ಕಂಪ್ಯೂಟರಿನ ಪರದೆಯ ಮೇಲೆ.

ಸಣ್ಣ ಪದಗಳ ಬಗ್ಗೆಯೂ ಒಂದು ಮಾತು. 'ಎ ಫ್ಯೂ' ಎಂದರೆ ಕೆಲವು, ಬರಿಯ 'ಫ್ಯೂ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಕೆಲವರು ಬಂದಿದ್ದರು ಎನ್ನುವುದಕ್ಕೂ ಕೆಲವರೇ ಬಂದಿದ್ದರು ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಒಂದು ಏಕಾರದಲ್ಲಿ ಹಿಡಿಯುತ್ತೇವೆ, ಅವರು ಒಂದು 'ಎ' ತೆಗೆದು ಹಿಡಿಯುತ್ತಾರೆ. ಹಾರ್ಡ್ಲಿ, ಸ್ಕೇರ್ಸ್ಲಿ ಎಂಬವುಗಳಲ್ಲಿ 'ನಾಟ್' ಕಾಣಿಸದಿದ್ದರೂ ಅವು ನಿಷೇಧವೇ. ಕಷ್ಟಪಟ್ಟು ದುಡಿದ ಎಂದು ಹಾರ್ಡ್ಲಿ ಬಳಸಿ ನಾನೇ ಒಮ್ಮೆ ಅರ್ಜಿ ಬರೆದಿದ್ದೆ.

ಪರೀಕ್ಷೆಯ ಕೋಣೆಯ ಲೆಕ್ಕ ಚಿಕ್ಕದು. ಬ್ಯಾಂಕ್ ನೇಮಕಾತಿ ಪರೀಕ್ಷೆಗಳನ್ನು ನಡೆಸುವ ಐಬಿಪಿಎಸ್ ಸಂಸ್ಥೆಯ ಪ್ರಿಲಿಮ್ಸ್‌ನಲ್ಲಿ, ಅಂದರೆ ಮೊದಲ ಹಂತದ ಪರೀಕ್ಷೆಯಲ್ಲಿ, ಇಂಗ್ಲಿಷಿಗೆ 30 ಪ್ರಶ್ನೆ, 30 ಅಂಕ, 20 ನಿಮಿಷ. ಅಂದರೆ ಪ್ರಶ್ನೆಗೆ 40 ಸೆಕೆಂಡು, ಗದ್ಯ ಓದುವ ಸಮಯವೂ ಅದರೊಳಗೇ. 2021ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವಾಲಯವು ಸಾರ್ವಜನಿಕ ವಲಯದ 12 ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಗಳನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸಲು ಶಿಫಾರಸು ಮಾಡಿದ ಮೇಲೆ ಲೆಕ್ಕದ ಪ್ರಶ್ನೆಯನ್ನು ಕನ್ನಡದಲ್ಲಿ ಓದುವ ಅನುಕೂಲವಾಗಿದೆ. ಇಂಗ್ಲಿಷ್ ಪತ್ರಿಕೆ ಮಾತ್ರ ಇಂಗ್ಲಿಷಿನಲ್ಲಿಯೇ ಇರುತ್ತದೆ, ಬೇರೆ ದಾರಿಯಿಲ್ಲ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ, ಪ್ರತಿ ಪ್ರಶ್ನೆಗೂ ಐದು ಆಯ್ಕೆಗಳಿರುತ್ತವೆ. ಕಣ್ಣುಮುಚ್ಚಿ ಐದು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿಯಾಗಿ ಒಂದಂಕ ಬರುತ್ತದೆ, ನಾಲ್ಕು ತಪ್ಪಾಗಿ ಒಂದಂಕ ಹೋಗುತ್ತದೆ, ಉಳಿಯುವುದು ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ ಅಂಥ ನಾಲ್ಕು ಪ್ರಶ್ನೆಗೆ ಕಾಲು ಅಂಕ ಲಾಭ. ನನ್ನ ಕಾಲು ಅಂಕದ ಕಥೆ ಕೇಳಿದವರು ಇದನ್ನು ಸಣ್ಣದೆನ್ನಲಾರರು. ಇನ್ನು, ಮೊದಲು ಪ್ರಶ್ನೆ ಓದಿ ಆಮೇಲೆ ಗದ್ಯದಲ್ಲಿ ಉತ್ತರ ಹುಡುಕಿ ಎಂಬ ಉಪಾಯವನ್ನು ನಾನು ಒಪ್ಪುವುದಿಲ್ಲ. ಇಸವಿ, ಹೆಸರು ಕೇಳುವ ಪ್ರಶ್ನೆಗೆ ಅದು ನಡೆಯುತ್ತದೆ. ಲೇಖಕನ ನಿಲುವೇನು ಎಂದು ಕೇಳಿದರೆ, ಗದ್ಯವನ್ನು ಚೂರುಚೂರಾಗಿ ನೋಡಿದವರ ಬಳಿ ಚೂರುಗಳಷ್ಟೇ ಇರುತ್ತವೆ.

ಓದುವುದಕ್ಕೆ ಏನು ಎಂದು ಅವಳು ಕೇಳಿದಳು. ಎಲ್ಲರೂ ಹೇಳುವಂತೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಿಂದಲೇ ಶುರು ಮಾಡಿ ಮೂರನೇ ದಿನಕ್ಕೆ ಕೈಬಿಟ್ಟಿದ್ದಳು. ಒಂದೇ ಸಂಸ್ಥೆಯಿಂದ 1948ರಲ್ಲಿ ಶುರುವಾದ ಎರಡು ಪತ್ರಿಕೆಗಳು ನಮ್ಮಲ್ಲಿವೆ, ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್. ಬೆಳಿಗ್ಗೆ ಒಂದು ಸುದ್ದಿಯನ್ನು ಮೊದಲನೆಯದರಲ್ಲಿ ಓದಿ, ಅದೇ ಸುದ್ದಿಯನ್ನು ಎರಡನೆಯದರಲ್ಲಿ ಹುಡುಕಿ ಓದಲು ಹೇಳಿದೆ. ವಿಷಯ ಆಗಲೇ ಗೊತ್ತಿರುವುದರಿಂದ ಹೋರಾಟ ಭಾಷೆಯ ಜೊತೆ ಮಾತ್ರ ನಡೆಯುತ್ತದೆ, ಮತ್ತು ಪರಿಚಿತ ಪದವೊಂದು ಅಪರಿಚಿತ ಅರ್ಥದಲ್ಲಿ ಬಂದರೆ ಕೂಡಲೇ ಸಿಕ್ಕಿಬೀಳುತ್ತದೆ. ಅಂಥ ಪದಗಳಿಗೆ ಬೇರೆ ನೋಟ್‌ಬುಕ್ ಮಾಡಲು ಹೇಳಿ, ಅರ್ಥಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ನೋಡೆಂದೆ. ಅದರಲ್ಲಿ ಒಂದು ಪದದ ಹಲವು ಅರ್ಥಗಳು ಸಾಲಾಗಿ ಸಿಗುತ್ತವೆ.

ನಿನ್ನೆ ರಾತ್ರಿ ಆ ನೋಟ್‌ಬುಕ್ಕಿನ ಮೊದಲ ಪುಟದ ಫೋಟೊ ಬಂತು. ಹನ್ನೊಂದು ಪದಗಳಿದ್ದವು. ಮೊದಲನೆಯದು ಸ್ಯಾಂಕ್ಷನ್, ಎರಡನೆಯದು ಮೇಲ್ವಿಚಾರಣೆ ಮತ್ತು ಕಣ್ತಪ್ಪು ಎರಡೂ ಆಗಬಲ್ಲ ಓವರ್‌ಸೈಟ್. ಕೊನೆಯಲ್ಲಿ ಕ್ವಾಲಿಫೈಡ್ ಎಂದು ಬರೆದು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಳು. ಕ್ವಾಲಿಫೈಡ್ ಸಪೋರ್ಟ್ ಎಂದರೆ ಅರ್ಹ ಬೆಂಬಲವಲ್ಲ, ಷರತ್ತಿನ ಬೆಂಬಲ ಎಂದು ಅವಳಿಗೆ ಅಂದಷ್ಟೇ ತಿಳಿದಿತ್ತು. "ಎರಡು ವರ್ಷದಿಂದ ರಿಸಲ್ಟ್ ಪುಟದಲ್ಲಿ ನಾನು ಹುಡುಕ್ತಿರೋದು ಇದೊಂದೇ ಪದ ಮಾಮ" ಎಂದು ಕೆಳಗೆ ಬರೆದಿದ್ದಳು.