ಒಂದು ತಿಂಗಳು ರಜೆ ಹಾಕಿದರೆ ಸರಿ ಹೋಗುತ್ತಾ ಸಿಸ್ಟರ್?

ವಾರ್ಡಿಗೆ ಹೊಸದಾಗಿ ಸೇರಿದ ನರ್ಸ್‌ಗಳು ಕೇಳುತ್ತಾರೆ, ನನ್ನ ಜೊತೆ ಓದಿದವರೂ ಕೇಳುತ್ತಾರೆ. ಮಾತು ಹೆಚ್ಚು ಕಡಿಮೆ ಒಂದೇ. "ಸಾಕಾಗಿ ಹೋಗಿದೆ. ಯೂನಿಫಾರ್ಮ್ ಕೈಗೆತ್ತಿಕೊಂಡರೆ ಅಳು ಬರುತ್ತೆ. ಒಂದು ತಿಂಗಳು ರಜೆ ಹಾಕಿಬಿಟ್ರೆ ಸರಿ ಹೋಗುತ್ತಾ?"

ರಜೆ ಸಿಕ್ಕರೆ ಹಾಕಿ. ಬೇಡ ಅನ್ನಲು ನಾನು ಯಾರು? ಆದರೆ ರಜೆಯೊಂದೇ ಇದನ್ನು ವಾಸಿ ಮಾಡುತ್ತದೆ ಅಂದುಕೊಳ್ಳಬೇಡಿ. ರಜೆಯಲ್ಲಿ ಸಿಕ್ಕ ನಿರಾಳ, ಕೆಲಸಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ. ಇದನ್ನು ಅಳೆದು ನೋಡಿದ ಸಂಶೋಧಕರೂ ಇದ್ದಾರೆ. ವಾಪಸ್ ಬಂದಾಗ ಡ್ಯೂಟಿ ಪಟ್ಟಿಯ ಅದೇ ರೋಸ್ಟರು, ಅದೇ ಬೆಡ್‌ಗಳು, ಊಟಕ್ಕೆ ಕೂರಲು ಪುರುಸೊತ್ತಿಲ್ಲದ ಅದೇ ಮಧ್ಯಾಹ್ನ. ನನ್ನ ಪ್ರಕಾರ ಸುಧಾರಿಸಿಕೊಳ್ಳುವ ಕೆಲಸ ಡ್ಯೂಟಿಯ ಒಳಗೇ ಶುರುವಾಗಬೇಕು. ಎಲ್ಲವನ್ನೂ ವೀಕ್ಲಿ ಆಫ್‌ಗೆ ಅಂತ ಮುಂದಕ್ಕೆ ಹಾಕುತ್ತಾ ಹೋದರೆ ಆ ಒಂದು ದಿನ ಬಟ್ಟೆ ಒಗೆಯುವುದರಲ್ಲೇ ಮುಗಿಯುತ್ತದೆ.

ಕೆಲಸ ಮಾಡಿ ಮಾಡಿ ಹೀಗೆ ಸಾಕಾಗಿ ಹೋಗುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ಅದು ಸೋಮಾರಿಗಳ ನೆಪ ಅಂತ ಇನ್ನೂ ಹೇಳುವವರಿದ್ದಾರೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅನ್ನುವ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರೆದಾಗ ಅವರ ಕಣ್ಣ ಮುಂದೆ ಇದ್ದದ್ದು ಸೋಮಾರಿಗಳಲ್ಲ. ಉಚಿತ ಕ್ಲಿನಿಕ್‌ನಲ್ಲಿ ಮೈಮುರಿದು ದುಡಿಯುತ್ತಿದ್ದ ಜನ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂದಿತು. ಲಕ್ಷಣ ಮೂರು. ಮೈಯಲ್ಲಿ ಕಸುವಿಲ್ಲದ ಹಾಗೆ ಆಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದು ಯಾವುದೂ ಸರಿಯಾಗುತ್ತಿಲ್ಲ ಅನಿಸುವುದು. ನಮ್ಮವರನ್ನು ಹೆಚ್ಚು ಹೆದರಿಸುವುದು ಎರಡನೆಯದು. ರೋಗಿಯ ಹೆಸರು ನೆನಪಿಗೆ ಬರುವುದಿಲ್ಲ, "ಏಳನೇ ಬೆಡ್ಡು ಮತ್ತೆ ಬೆಲ್ ಹೊಡೀತು ನೋಡು" ಅಂತ ಬಾಯಿಗೆ ಬರುತ್ತದೆ. ಆಮೇಲೆ ತಾನು ಕೆಟ್ಟ ನರ್ಸ್ ಆಗಿಬಿಟ್ಟೆ ಅಂತ ಕೊರಗು. ಅದು ಕೆಟ್ಟತನ ಅಲ್ಲ, ಲಕ್ಷಣ. ಜ್ವರ ಬಂದವರನ್ನು ಮೈ ಯಾಕೆ ಬಿಸಿ ಅಂತ ಬೈಯುತ್ತೇವಾ?

ಹಾಗಾಗಿ ಪ್ರಶ್ನೆ ಕೇಳಿದವರನ್ನೇ ನಾನು ತಿರುಗಿ ಕೇಳುತ್ತೇನೆ, ಯಾವ ಸುಸ್ತು? ಮೈಯದಾ, ಸಾವು ನೋವು ನೋಡಿ ನೋಡಿ ಬಂದದ್ದಾ, ಅಥವಾ ಏನು ಮಾಡಬೇಕು ಅಂತ ಗೊತ್ತಿದ್ದೂ ಮಾಡಲು ಬಿಡದ ಕಡೆ ದಿನವೂ ನಿಲ್ಲಬೇಕಾಗಿ ಬಂದದ್ದಾ? ಮೂರಕ್ಕೂ ಒಂದೇ ಮದ್ದು ಕೊಡಲು ಆಗುವುದಿಲ್ಲ.

ಮೈಯ ಸುಸ್ತಿನ ಬಗ್ಗೆ ಮಾತಾಡುವಾಗ ಎಲ್ಲರೂ ಯೋಗ, ಧ್ಯಾನ ಅಂತ ಶುರು ಮಾಡುತ್ತಾರೆ. ನಾನು ಶುರು ಮಾಡುವುದು ಮೂತ್ರದಿಂದ. ನಗಬೇಡಿ. ಐಸಿಯುನಲ್ಲಿ ಗಂಟೆಗೊಮ್ಮೆ ಬಗ್ಗಿ ಯೂರಿನ್ ಬ್ಯಾಗ್ ನೋಡುತ್ತೇವೆ, ಮಿಲಿಲೀಟರ್ ಲೆಕ್ಕ ಬರೆಯುತ್ತೇವೆ. ದೊಡ್ಡವರಲ್ಲಿ ಕಿಲೋ ತೂಕಕ್ಕೆ ಗಂಟೆಗೆ 0.5 ಮಿಲಿಗಿಂತ ಕಡಿಮೆ ಆಗುತ್ತಾ ಹೋದರೆ ಡಾಕ್ಟರಿಗೆ ಫೋನ್ ಹೋಗುತ್ತದೆ. ಅದನ್ನು ಬರೆಯುತ್ತಿರುವ ಕೈಯ ಒಡತಿ ಬೆಳಿಗ್ಗೆಯಿಂದ ಟಾಯ್ಲೆಟ್ ಕಡೆ ಹೋಗಿರುವುದಿಲ್ಲ. ಹೋಗಬೇಕಾಗುತ್ತದೆ ಅಂತಲೇ ನೀರು ಕುಡಿದಿರುವುದಿಲ್ಲ. ನಾಲಿಗೆ ಒಣಗಿ, ತಲೆ ನೋವು ಶುರುವಾಗಿ, ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮೇಲೂ ಸಿಡಿಮಿಡಿ. ಪದೇಪದೇ ಯೂರಿನ್ ಇನ್‌ಫೆಕ್ಷನ್ ಆಗುವ ನರ್ಸ್‌ಗಳನ್ನು ಯಾವ ವಾರ್ಡಿನಲ್ಲಿ ಕೇಳಿದರೂ ಸಿಗುತ್ತಾರೆ.

ಇದಕ್ಕೆ ಒಬ್ಬರ ಮನೋಬಲ ಸಾಲುವುದಿಲ್ಲ, ಜೋಡಿ ಬೇಕು. ಡ್ಯೂಟಿ ಶುರುವಾಗುವಾಗಲೇ ಒಬ್ಬರನ್ನು ಹಿಡಿದುಕೊಳ್ಳಿ. "ಹತ್ತೂವರೆಗೆ ನೀನು ಹೋಗು, ನಿನ್ನ ಬೆಡ್ ನಾನು ನೋಡ್ತೀನಿ. ಹನ್ನೊಂದಕ್ಕೆ ನಾನು." ಹೊತ್ತು ಮೊದಲೇ ಹೇಳಿಕೊಳ್ಳುವುದು ಮುಖ್ಯ. ಫ್ರೀ ಆದಾಗ ಹೋಗೋಣ ಅಂದರೆ ಫ್ರೀ ಅನ್ನುವುದು ಬರುವುದೇ ಇಲ್ಲ. ಹೋಗುವ ಮುಂಚೆ ಎರಡು ವಾಕ್ಯದ ಹ್ಯಾಂಡೋವರ್ ಕೊಡಿ: ಯಾವ ಡ್ರಿಪ್ ಮುಗಿಯಲಿದೆ, ಯಾರ ಬಿಪಿ ಮೇಲೆ ಕಣ್ಣಿಡಬೇಕು. ಆಗ ಊಟದ ತಟ್ಟೆ ಮುಂದೆ ಕೂತಾಗ ತಲೆ ವಾರ್ಡಿನಲ್ಲಿ ಇರುವುದಿಲ್ಲ. ಮೊಬೈಲನ್ನೂ ವಾರ್ಡಿನ ಗ್ರೂಪನ್ನೂ ಆ ಹೊತ್ತು ಮುಟ್ಟಬೇಡಿ.

ನೈಟ್ ಡ್ಯೂಟಿಯದು ಬೇರೆಯೇ ಕಥೆ. ಮೈಯ ಗಡಿಯಾರಕ್ಕೆ ರೋಸ್ಟರ್ ಓದಲು ಬರುವುದಿಲ್ಲ. ಬೆಳಗಿನ ಜಾವ ಮೂರರಿಂದ ಐದರ ಆಸುಪಾಸು ಮೈ ತಣ್ಣಗಾಗುತ್ತದೆ, ಓದಿದ್ದನ್ನೇ ಮತ್ತೆ ಓದುತ್ತೇವೆ, ಡೋಸ್ ಲೆಕ್ಕ ತಪ್ಪುವುದೂ ಆಗಲೇ. ಆ ಹೊತ್ತಿಗೆ ಹೈ ರಿಸ್ಕ್ ಔಷಧಿ, ಅಂದರೆ ಡೋಸ್ ತಪ್ಪಿದರೆ ದೊಡ್ಡ ಅಪಾಯ ಆಗುವಂಥದ್ದು, ಇದ್ದರೆ ಇನ್ನೊಬ್ಬರನ್ನು ಕರೆದು ತೋರಿಸಿಯೇ ಕೊಡಿ. ಸಂಕೋಚ ಬೇಡ. ಆಸ್ಪತ್ರೆಯವರು ಒಪ್ಪಿದರೆ, ಬ್ರೇಕ್‌ನಲ್ಲಿ ಇಪ್ಪತ್ತು ನಿಮಿಷದ ನಿದ್ದೆ ದೊಡ್ಡ ವರ. ಇಪ್ಪತ್ತೇ ಸಾಕು. ಮುಕ್ಕಾಲು ಗಂಟೆ ಮಲಗಿದರೆ ಆಳದ ನಿದ್ದೆಯಿಂದ ಎದ್ದು ಮಂಕು ಕವಿಯುತ್ತದೆ, ಆ ಸ್ಥಿತಿಯಲ್ಲಿ ಕೋಡ್ ಬ್ಲೂ, ಅಂದರೆ ರೋಗಿಯ ಹೃದಯ ನಿಂತಿತು ಓಡಿ ಬನ್ನಿ ಅನ್ನುವ ಕರೆ, ಬಂದರೆ ಕಷ್ಟ. ಕಾಫಿ ಕುಡಿಯುವವರು ಶಿಫ್ಟಿನ ಮೊದಲರ್ಧದಲ್ಲೇ ಕುಡಿದು ಮುಗಿಸಿ. ಅದರಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ನಾಲ್ಕು ಗಂಟೆಗೆ ಕುಡಿದದ್ದು ಒಂಬತ್ತು ಗಂಟೆಗೆ ಹಾಸಿಗೆಯಲ್ಲೂ ಜೊತೆಗಿರುತ್ತದೆ.

ಮನೆಗೆ ಹೋಗುವಾಗ ದಯವಿಟ್ಟು ನೀವೇ ಗಾಡಿ ಓಡಿಸಬೇಡಿ, ಬೇರೆ ದಾರಿ ಇದ್ದರೆ. ಹದಿನೇಳು ಗಂಟೆ ಎದ್ದೇ ಇದ್ದವರ ಚುರುಕುತನ, ರಕ್ತದಲ್ಲಿ ಶೇ. 0.05ರಷ್ಟು ಆಲ್ಕೋಹಾಲ್ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲೇ ಒಂದು ಪ್ರಯೋಗ ತೋರಿಸಿದೆ. ಕುಡಿದು ಗಾಡಿ ಓಡಿಸಿ ಬಂದ ಆಕ್ಸಿಡೆಂಟ್ ಕೇಸ್ ನೋಡಿ ಬೈಯುವವರು ನಾವು. ನೈಟ್ ಮುಗಿಸಿ ನಾವು ಕೀ ತಿರುಗಿಸುವುದೂ ಹೆಚ್ಚು ಕಡಿಮೆ ಹಾಗೆಯೇ. ಹೊರಗೆ ಬಿಸಿಲಿದ್ದರೆ ಕಪ್ಪು ಕನ್ನಡಕ ಹಾಕಿಕೊಳ್ಳಿ, ಬೆಳಕು ಬಿದ್ದರೆ ಮೆದುಳು ಬೆಳಗಾಯಿತು ಅಂದುಕೊಳ್ಳುತ್ತದೆ. ಆದರೆ ಗಾಡಿ ನೀವೇ ಓಡಿಸಲೇಬೇಕಾಗಿ ಬಂದ ದಿನ ಆ ಕನ್ನಡಕ ಬೇಡ. ಕೋಣೆ ಕತ್ತಲು ಇರಲಿ. ಮನೆಯವರಿಗೆ ಮಲಗುವ ಹೊತ್ತನ್ನು ಹೇಳಿ, ಬರೆದು ಬಾಗಿಲಿಗೇ ಅಂಟಿಸಿ. "ಹಗಲು ಮನೆಯಲ್ಲೇ ಇದ್ದೀಯಲ್ಲ" ಅನ್ನುವ ಮಾತು ಕೇಳಿ ಎದ್ದು ಕೆಲಸಕ್ಕೆ ನಿಲ್ಲುವವರೇ ಜಾಸ್ತಿ.

ಎರಡನೇ ಸುಸ್ತು ನಿದ್ದೆಗೆ ಬಗ್ಗುವುದಿಲ್ಲ. ಅರ್ಧ ಗಂಟೆ ಎದೆ ಒತ್ತಿ ಸಿಪಿಆರ್ ಕೊಟ್ಟ ಮೇಲೂ ಹೋದ ಮಗು, ತಿಂಗಳುಗಟ್ಟಲೆ ನೋಡಿಕೊಂಡ ಕ್ಯಾನ್ಸರ್ ರೋಗಿ. ಬಟ್ಟೆ ಹೊದಿಸಿ, ಟ್ಯೂಬ್ ತೆಗೆದು, ಮನೆಯವರ ಅಳು ಕಿವಿಯಲ್ಲಿ ಇರುವಾಗಲೇ ಮುಂದಿನ ಬೆಡ್‌ನ ಆಂಟಿಬಯೋಟಿಕ್ ಹಾಕಬೇಕು. ಈ ಎರಡರ ನಡುವೆ ಏನೂ ಇಲ್ಲ, ಒಂದು ಉಸಿರೂ ಇಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ತುರ್ತು ಚಿಕಿತ್ಸಾ ವಿಭಾಗದ ನರ್ಸ್ ಜೊನಾಥನ್ ಬಾರ್ಟೆಲ್ಸ್ ಈ ಖಾಲಿ ಜಾಗಕ್ಕೆ ಒಂದು ಚಿಕ್ಕ ಪದ್ಧತಿ ತಂದರು. ಸಾವು ಘೋಷಿಸಿದ ಮೇಲೆ ಯಾರಾದರೂ ಒಬ್ಬರು ಎಲ್ಲರನ್ನೂ ನಿಲ್ಲಿಸುತ್ತಾರೆ. ಡಾಕ್ಟರು, ನರ್ಸು, ಟೆಕ್ನಿಶಿಯನ್ ಎಲ್ಲರೂ ಆ ವ್ಯಕ್ತಿಯ ಸುತ್ತ ಒಂದು ನಿಮಿಷದಷ್ಟು ಮಾತಿಲ್ಲದೆ ನಿಲ್ಲುತ್ತಾರೆ. ಆಮೇಲೆ ಕೆಲಸಕ್ಕೆ ಹೋಗುತ್ತಾರೆ. ಅಷ್ಟೇ. 'ದಿ ಪಾಜ್' (ಒಂದು ಕ್ಷಣದ ನಿಲುಗಡೆ) ಅಂತ ಇದಕ್ಕೆ ಹೆಸರು, ಈಗ ಬೇರೆ ಎಷ್ಟೋ ಆಸ್ಪತ್ರೆಗಳಲ್ಲೂ ಇದೆ. ಪ್ರಾರ್ಥನೆ ಅಲ್ಲದ ಕಾರಣ ಯಾವ ನಂಬಿಕೆಯವರಿಗೂ ಅಡ್ಡಿ ಇಲ್ಲ. ಇದನ್ನು ಶುರು ಮಾಡಲು ಆಸ್ಪತ್ರೆಯ ಸರ್ಕ್ಯುಲರ್ ಬೇಕಿಲ್ಲ, ಬಾಯಿ ಬಿಟ್ಟು ಕೇಳುವ ಒಬ್ಬರು ಸಾಕು.

ಹ್ಯಾಂಡೋವರ್ ಆದ ಮೇಲೆ ಹೊರಡುವ ಮುನ್ನ ಜೊತೆಯವರನ್ನು "ನೀನು ಸರಿ ಇದ್ದೀಯಾ?" ಅಂತ ಕೇಳುವುದೂ ಇದೇ ಸಾಲಿಗೆ ಸೇರಿದ್ದು. ಎಲ್ಲಾ ದಿನವೂ ಬೇಡ. ಕೆಟ್ಟ ದಿನ ಯಾವುದು ಅಂತ ವಾರ್ಡಿಗೆ ಗೊತ್ತಿರುತ್ತದೆ. ಮನೆಯಲ್ಲಿ ಹೇಳಿಕೊಂಡರೆ ಅರ್ಥವಾಗದ ಎಷ್ಟೋ ಸಂಗತಿ, ಅದೇ ಕೋಣೆಯಲ್ಲಿ ನಿಂತಿದ್ದವರಿಗೆ ಅರ್ಧ ಮಾತಿನಲ್ಲಿ ತಿಳಿಯುತ್ತದೆ.

ಮೂರನೆಯದಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆರು ರೋಗಿಗಳನ್ನು ನೋಡಬೇಕಾದವಳ ಕೈಗೆ ಹನ್ನೆರಡು ರೋಗಿಗಳನ್ನು ಕೊಟ್ಟು, ಆಮೇಲೆ ಕಾನ್ಫರೆನ್ಸ್ ಹಾಲ್‌ನಲ್ಲಿ ಒತ್ತಡ ನಿಭಾಯಿಸುವ ಕ್ಲಾಸ್ ಇಡುತ್ತಾರೆ. ಅದೂ ಆಫ್ ದಿನವೇ ಬರಬೇಕು! ಇಲ್ಲಿ ಆಳವಾಗಿ ಉಸಿರಾಡಿ ಅನ್ನುವುದು ಸುಮ್ನೆ ಮಾತು. ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಯವರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ 2002ರಲ್ಲಿ ಬರೆದ ಲೆಕ್ಕ ನನಗೆ ಬಾಯಿಪಾಠ. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಬರ್ನ್‌ಔಟ್ ಸಾಧ್ಯತೆ ಶೇ. 23ರಷ್ಟು ಏರುತ್ತದೆ. ಸರ್ಜರಿಯಾದ ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಏರುತ್ತದೆ. ಅಂದರೆ ನಮ್ಮ ಸುಸ್ತು ನಮ್ಮೊಬ್ಬರದೇ ವಿಷಯ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳು ಅಂತ ಕಾನೂನೇ ಇದೆ, ಐಸಿಯುನಲ್ಲಿ ಇಬ್ಬರಿಗಿಂತ ಹೆಚ್ಚಿಲ್ಲ.

ಕಾನೂನು ಇಲ್ಲದ ಕಡೆ ಏನು ಮಾಡುವುದು? ಬರೆದಿಡಿ. ಎಷ್ಟು ಬೆಡ್, ಎಷ್ಟು ಜನ, ಯಾವ ಡೋಸ್ ಎಷ್ಟು ತಡವಾಯಿತು, ದಿನಾಂಕ ಸಮೇತ. "ತುಂಬಾ ಕಷ್ಟ ಆಗ್ತಿದೆ ಮೇಡಂ" ಅಂದರೆ ಸಮಾಧಾನದ ಮಾತು ಸಿಗುತ್ತದೆ. ಕಾಗದ ಕೊಟ್ಟರೆ ಉತ್ತರ ಕೊಡಬೇಕಾಗುತ್ತದೆ. ಒಬ್ಬರೇ ಕೊಡಬೇಡಿ, ಇಡೀ ಶಿಫ್ಟ್ ಸಹಿ ಹಾಕಲಿ. ರೋಸ್ಟರ್ ಬರೆಯುವವರಿಗೆ ಕೇಳಬಹುದಾದದ್ದು ಇನ್ನೂ ಎರಡಿವೆ. ಶಿಫ್ಟ್ ಬದಲಾಗುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೀಗೆ ಮುಂದಕ್ಕೆ ಹೋದರೆ ಮೈ ಒಗ್ಗುವುದು ಸುಲಭ, ಹಿಂದಕ್ಕೆ ಬಂದರೆ ಕಷ್ಟ. ಎರಡು ಡ್ಯೂಟಿ ನಡುವೆ ಕನಿಷ್ಠ 11 ಗಂಟೆ ಬಿಡುವು ಇರಲಿ, ಯುರೋಪಿನ ನಿಯಮ ಅಷ್ಟು ಹೇಳುತ್ತದೆ.

ಆಫ್ ದಿನ ಫೋನ್ ಬರುತ್ತದಲ್ಲ, "ಯಾರೂ ಇಲ್ಲ, ಇವತ್ತೊಂದು ದಿನ ಬಾ" ಅಂತ, ಅದಕ್ಕೆ "ಇವತ್ತು ಆಗುವುದಿಲ್ಲ" ಅನ್ನಲು ಕಲಿಯಿರಿ. ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದಕ್ಕೊಂದು ಪರಿಹಾರವನ್ನೂ ಅವರೇ ಹುಡುಕಿಕೊಡುತ್ತಾರೆ. ಇದು ಸ್ವಾರ್ಥ ಅನಿಸಿದರೆ ಒಂದು ಮಾತು ಕೇಳಿ: ಅಮೆರಿಕದ ನರ್ಸ್‌ಗಳ ಸಂಘದ ನೀತಿ ಸಂಹಿತೆಯಲ್ಲೇ, ನರ್ಸ್‌ಗೆ ತನ್ನ ಕಡೆಗೂ ಕರ್ತವ್ಯ ಇದೆ ಅಂತ ಬರೆದಿದೆ.

ಇಷ್ಟೆಲ್ಲ ಮಾಡಿದರೂ ಹಗುರಾಗದಿದ್ದರೆ? ಬರ್ನ್‌ಔಟ್ ಸಾಮಾನ್ಯವಾಗಿ ಕೆಲಸದ ಸುತ್ತ ಸುತ್ತುತ್ತದೆ. ಆಸ್ಪತ್ರೆಯಿಂದ ದೂರ ಇದ್ದಾಗಲೂ ಯಾವುದೂ ರುಚಿಸದೆ, ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ ಅದು ಡಿಪ್ರೆಶನ್ ಇರಬಹುದು, ಡಾಕ್ಟರು ನೋಡಬೇಕು. ಸಾಯಬೇಕು ಅನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅವತ್ತೇ ಹೋಗಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು. ನಮಗೆ ಇನ್ನೊಂದು ಅಪಾಯ ಇದೆ, ಔಷಧಿ ಕಪಾಟಿನ ಕೀ ನಮ್ಮ ಜೇಬಿನಲ್ಲೇ ಇರುತ್ತದೆ. ನಿದ್ದೆ ಮಾತ್ರೆಯಾಗಲಿ, ನೋವಿನ ಇಂಜೆಕ್ಷನ್ ಆಗಲಿ, ತಾನೇ ತೆಗೆದುಕೊಳ್ಳುವ ಯೋಚನೆ ಒಂದು ಸಲ ಬಂದರೂ ಅದನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ. ಕೆಲಸ ಮಾಡುವ ಜಾಗದಲ್ಲೇ ತೋರಿಸಿಕೊಳ್ಳಲು ಮುಜುಗರ ಆದರೆ ಬೇರೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಈ ತಿಂಗಳ ರೋಸ್ಟರ್‌ನ ಫೋಟೋ ಮೊಬೈಲಿನಲ್ಲಿ ಇರಲಿ. "ರಾತ್ರಿ ಮಲಗುವ ಮುಂಚೆ ಒಂದು" ಅಂತ ಬರೆದುಕೊಟ್ಟ ಮಾತ್ರೆಯನ್ನು ನೈಟ್ ಡ್ಯೂಟಿಯ ವಾರ ಯಾವಾಗ ತೆಗೆದುಕೊಳ್ಳಬೇಕು ಅಂತ ಅಲ್ಲೇ ಕೂತು ಕೇಳಿಕೊಂಡು ಬನ್ನಿ.