ಕಿಸೆಯಲ್ಲಿದ್ದದ್ದು

11 ಆಗಸ್ಟ್ 2024, ಭಾನುವಾರ ರಾತ್ರಿ, ಉಡುಪಿ

ಮಂಗಳೂರಿನ ಚೆಸ್ ಟೂರ್ನಮೆಂಟ್ ಮುಗಿಸಿ ಬಂದು ಒದ್ದೆ ಬಟ್ಟೆ ಹರವಿದ್ದಷ್ಟೇ. ಸಣ್ಣವ ಅರ್ಧ ಊಟ ಬಿಟ್ಟು ಮಲಗಿದ. ನನಗೆ ನಿದ್ದೆ ಬರುತ್ತಿಲ್ಲ.

ಐದನೇ ರೌಂಡಿನಲ್ಲಿ ತನಗಿಂತ ಎಷ್ಟೋ ಜಾಸ್ತಿ ರೇಟಿಂಗ್ ಇದ್ದ ಹುಡುಗನ ಎದುರು ಕುದುರೆ ಬಲಿ ಕೊಟ್ಟು ಗೆದ್ದ. ಆ ನಡೆಗೆ ಸ್ವಲ್ಪ ಮೊದಲು ಟಾಯ್ಲೆಟ್‌ಗೆ ಹೋಗಿ ಬಂದಿದ್ದ. ಅನುಮಾನಕ್ಕೆ ಅಷ್ಟೇ ಸಾಕಾಯಿತು. ಆ ಹುಡುಗನ ಅಪ್ಪ ಆರ್ಬಿಟರ್, ಅಂದರೆ ತೀರ್ಪುಗಾರರ, ಕಿವಿಯಲ್ಲಿ ಏನೋ ಹೇಳಿದರು. ಆರ್ಬಿಟರ್ ಇವನನ್ನು ಪಕ್ಕಕ್ಕೆ ಕರೆದು ಕಿಸೆ ನೋಡಿದರು. ಕರವಸ್ತ್ರ, ಬಸ್ ಟಿಕೆಟ್, ಅರ್ಧ ತಿಂದ ನೆಲಕಡಲೆ ಚಿಕ್ಕಿ. "ಸಾರಿ ಮಗಾ, ಹೋಗು" ಅಂದರು. ಒಳ್ಳೆಯ ಮನುಷ್ಯ. ಆದರೆ ಆರನೇ ರೌಂಡಿನಲ್ಲಿ ಇವನ ಕೈ ನಡುಗುತ್ತಿತ್ತು. ಸೋತ.

ಬಸ್ಸು ಮೂಲ್ಕಿ ಸೇತುವೆ ದಾಟುವವರೆಗೂ ಮಾತಿಲ್ಲ. ಆಮೇಲೆ ಕೇಳಿದ, "ನಾನು ಚಂದ ಆಡಿದ್ದಕ್ಕೇ ಹುಡುಕಿದ್ದಾ ಅಮ್ಮ? ಸೋತಿದ್ರೆ ಹುಡುಕ್ತಿರ್ಲಿಲ್ಲ ಅಲ್ವಾ?"

ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. 2006ರಲ್ಲಿ ನಮ್ಮ ದೇಶದವನೇ ಒಬ್ಬ ಟೋಪಿಯೊಳಗೆ ಬ್ಲೂಟೂತ್ ಇಟ್ಟುಕೊಂಡು ಆಡಿ 10 ವರ್ಷ ನಿಷೇಧಕ್ಕೆ ಒಳಗಾದದ್ದು. 2019ರಲ್ಲಿ ರೌಸಿಸ್ ಎಂಬ ಗ್ರ್ಯಾಂಡ್‌ಮಾಸ್ಟರ್ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಟಾಯ್ಲೆಟ್ ಒಳಗೆ ಫೋನ್ ಹಿಡಿದು ಸಿಕ್ಕಿಬಿದ್ದದ್ದು, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಅವರ ಆ ಪದವಿಯನ್ನೇ ಕಿತ್ತುಕೊಂಡದ್ದು. ವಿಶ್ವ ಚಾಂಪಿಯನ್ ಆಗಿದ್ದ ಕಾರ್ಲ್‌ಸನ್‌ರನ್ನೂ ಸೋಲಿಸುವ ಸ್ಟಾಕ್‌ಫಿಶ್ ಎಂಬ ಚೆಸ್ ಸಾಫ್ಟ್‌ವೇರ್ ಈಗ ನನ್ನ ಈ ಹಳೇ ಫೋನಿನಲ್ಲೂ ಪುಕ್ಕಟೆ ಸಿಗುತ್ತದೆ. ಆಟವಿಡೀ ನೋಡಿಕೊಂಡು ಆಡಬೇಕಂತಿಲ್ಲ, ಬಲ್ಲವನಿಗೆ ಒಂದು ನಡೆ ಸಿಕ್ಕಿದರೂ ಆಯಿತು. ಅದಕ್ಕೇ ಹುಡುಕಲೇಬೇಕಾಗುತ್ತದೆ ಮಗಾ, ಅಂದೆ.

ಹುಡುಕಲಿ, ಬೇಡ ಅನ್ನುವುದಿಲ್ಲ. ಬಾಗಿಲಲ್ಲೇ ಎಲ್ಲ ಮಕ್ಕಳನ್ನೂ ನೋಡಿ ಒಳಗೆ ಬಿಡಲಿ. ಗೆದ್ದ ಮೇಲೆ ಒಬ್ಬನನ್ನೇ ಎಲ್ಲರ ಎದುರು ಎಬ್ಬಿಸಿ ಕರೆದುಕೊಂಡು ಹೋದರೆ ಹನ್ನೊಂದು ವರ್ಷದವನಿಗೆ ಹೇಗಾಗಬೇಡ? ಆ ನಡೆ ಹೊಳೆದದ್ದು ಕೈ ತೊಳೆಯುವಾಗ ಅಂತೆ. ಅದನ್ನು ಆರ್ಬಿಟರ್‌ಗೆ ಹೇಳಲು ಹೆದರಿಕೆ ಆಯಿತಂತೆ.

ಪಡುಬಿದ್ರಿ ಹತ್ತಿರ, ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದ. "ನೀನೂ ಕೇಳಿದ್ದಿ ಅಲ್ವಾ, ಶಾಲೆ ಶುರುವಾದಾಗ."

ಹೌದು, ಕೇಳಿದ್ದೆ. ಆನ್‌ಲೈನ್‌ನಲ್ಲಿ ಸಾಲಾಗಿ ಏಳು ಆಟ ಗೆದ್ದು ಅಡುಗೆಮನೆಗೆ ಓಡಿ ಬಂದಿದ್ದ. ನಾನು ದೋಸೆ ಮಗುಚುತ್ತಾ, ತಿರುಗಿಯೂ ನೋಡದೆ, "ನೀನೇ ಆಡಿದ್ದಾ?" ಅಂದಿದ್ದೆ. ಸುಮ್ನೆ ಬಾಯಿಗೆ ಬಂದದ್ದು.

ಅವತ್ತಿನಿಂದ ಗೆದ್ದ ಆಟ ಒಂದನ್ನಾದರೂ ನನಗೆ ತೋರಿಸಲು ಬಂದಿದ್ದಾನಾ ಅಂತ ನೆನಪು ಮಾಡಿಕೊಳ್ಳುತ್ತಿದ್ದೇನೆ. ಜುಲೈಯಲ್ಲಿ ಒಮ್ಮೆ, ಕರೆಂಟ್ ಹೋದ ದಿನ... ಅಲ್ಲ, ಅದು ಅವನ ಅಪ್ಪನಿಗೆ ತೋರಿಸಿದ್ದು.