ಅವು ಈಗಲೂ ಇದ್ದಾವಾ?

ಕಳೆದ ಡಿಸೆಂಬರಿನ ಅಮಾವಾಸ್ಯೆಗೆ ಎಂಟಿಂಚಿನ ಟೆಲಿಸ್ಕೋಪ್ ಹೇರಿಕೊಂಡು ಸಾಗರದ ಹತ್ತಿರ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಆಕಾಶವೇನೋ ಕಪ್ಪಗಿತ್ತು. ಆದರೆ ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ದೊಡ್ಡ ಬಲ್ಬ್ ಹಾಕಿಕೊಂಡು ಏಳೆಂಟು ಜನ ಅಡಿಕೆ ಸುಲಿಯುತ್ತಿದ್ದರು. ಲೈಟ್ ಆರಿಸಿ ಅನ್ನೋಕಾಗುತ್ತಾ? ಟೆಲಿಸ್ಕೋಪನ್ನೇ ಮನೆ ಹಿಂದಿನ ಗದ್ದೆಗೆ ಸಾಗಿಸಿದೆ. ಚಿಕ್ಕಪ್ಪ ಕಂಬಳಿ ಹೊದ್ದು ಜೊತೆಗೆ ಬಂದರು.

ನನಗೆ ಬೇಕಿದ್ದದ್ದು ಎಂ33. “ಯಾವ ಕಡೆ?” ಅಂದರು. “ಅಶ್ವಿನಿಯಿಂದ ಸ್ವಲ್ಪ ಉತ್ತರಕ್ಕೆ.” ಪಂಚಾಂಗ ನೋಡುವವರಿಗೆ ಅಷ್ಟು ಸಾಕು. ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ ಈ ಸುರುಳಿ ಗ್ಯಾಲಕ್ಸಿ ಫೋಟೋದಲ್ಲಿ ಬಹಳ ಚೆಂದ. ಕಣ್ಣಿಗೆ ಮಾತ್ರ ಸತಾಯಿಸುತ್ತದೆ. ನೇರ ನೋಡಿದರೆ ಮಾಯ, ನೋಟ ಕೊಂಚ ಪಕ್ಕಕ್ಕೆ ಸರಿಸಿದರೆ ಏನೋ ಇದೆ ಅನಿಸುತ್ತದೆ.

ಅದರ ಒಂದು ಬದಿಗೆ ಪುಟ್ಟ ಮಸುಕು ಚುಕ್ಕೆಯೊಂದಿತ್ತು. ಗ್ಯಾಲಕ್ಸಿಗಿಂತ ಅದೇ ಸಲೀಸಾಗಿ ಕಂಡಿತು. ಎನ್‌ಜಿಸಿ 604, 1784ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಗುರುತಿಸಿದ್ದು. ನಕ್ಷತ್ರ ಹುಟ್ಟುವ ಮೋಡ. ನಮ್ಮದೇ ಗ್ಯಾಲಕ್ಸಿಯ ಇಂಥದೇ ಮೋಡ ಓರಾಯನ್ ನೆಬ್ಯುಲಾದ ಅಗಲ ಸುಮಾರು 25 ಜ್ಯೋತಿರ್ವರ್ಷ, ಇದರದ್ದು 1,300! ಒಳಗೆ 200ಕ್ಕೂ ಹೆಚ್ಚು ಭಾರಿ ನಕ್ಷತ್ರಗಳು. ಅವುಗಳ ಅತಿನೇರಳೆ ಬೆಳಕು ತಾಗಿ ಸುತ್ತಲಿನ ಹೈಡ್ರೋಜನ್ ಹೊಳೆಯುತ್ತದೆ.

ಚಿಕ್ಕಪ್ಪ ಬಗ್ಗಿ ತುಂಬಾ ಹೊತ್ತು ನೋಡಿದರು. “ಬೆಳಕು ಹೊರಟೇ 27 ಲಕ್ಷ ವರ್ಷ ಆಯ್ತು ಅಂತೀಯಲ್ಲ, ಅವು ಈಗಲೂ ಇದ್ದಾವಾ?”

‘ನೀವು ನೋಡುವ ನಕ್ಷತ್ರಗಳೆಲ್ಲ ಸತ್ತುಹೋಗಿವೆ’ ಅನ್ನುವ ವಾಟ್ಸಾಪ್ ಮೆಸೇಜ್ ಕಂಡರೆ ನನಗೆ ರೇಗುತ್ತದೆ. ಬರಿಗಣ್ಣಿಗೆ ಕಾಣುವವು ಹೆಚ್ಚಿನವೂ ಕೆಲವು ಸಾವಿರ ಜ್ಯೋತಿರ್ವರ್ಷದೊಳಗೇ ಇವೆ, ಅವುಗಳ ಆಯಸ್ಸಿನ ಮುಂದೆ ಅದು ಯಾವ ಲೆಕ್ಕ? ಆದರೆ ಈ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷ. ಅತಿ ಭಾರದ ನಕ್ಷತ್ರಗಳದ್ದು 30 ಲಕ್ಷದ ಆಸುಪಾಸು. ತೂಕ ಜಾಸ್ತಿಯಾದಷ್ಟೂ ಒಳಗಿನ ಬಿಸಿ ಜಾಸ್ತಿ, ಇಂಧನ ಬೇಗ ಖಾಲಿ. ಹುಟ್ಟಿದ ಕೇರಿ ದಾಟುವುದರೊಳಗೆ ಆಯಸ್ಸೇ ಮುಗಿಯುತ್ತದೆ. ಇಂಥ ಬಿಸಿ ನೀಲಿ ನಕ್ಷತ್ರಗಳು ಹುಟ್ಟಿದ ತೋಳಿನಲ್ಲೇ ಉಳಿಯುತ್ತವೆ, ಗ್ಯಾಲಕ್ಸಿಯ ಸುರುಳಿ ತೋಳುಗಳು ನೀಲಿಯಾಗಿ ಎದ್ದು ಕಾಣುವುದು ಇದಕ್ಕೇ.

ನಾವು ಕಂಡ ಬೆಳಕು ಹೊರಟಾಗಲೇ ಆ ಮೋಡದೊಳಗಿನ ನಕ್ಷತ್ರಗಳ ಗುಂಪಿಗೆ ಸುಮಾರು 35 ಲಕ್ಷ ವರ್ಷ. ಅದಕ್ಕೆ ಇನ್ನೊಂದು 27 ಲಕ್ಷ ಸೇರಿಸಿದರೆ? ತೀರಾ ದೊಡ್ಡವು ಇಷ್ಟರಲ್ಲಿ ಸಿಡಿದು ಮುಗಿದಿರಬೇಕು.

“ಸಿಡಿದಿದ್ದರೆ ಗೊತ್ತಾಗ್ತಿರಲಿಲ್ವಾ?”

“ಆ ಬೆಳಕು ಇನ್ನೂ ದಾರಿಯಲ್ಲಿದೆ.”

2023ರ ಮೇ ತಿಂಗಳ ಕತೆ ಹೇಳಿದೆ. ಜಪಾನಿನ ಹವ್ಯಾಸಿ ಆಕಾಶ ವೀಕ್ಷಕ ಕೊಯಿಚಿ ಇಟಗಾಕಿ ಎಂ101 ಅನ್ನುವ ಇನ್ನೊಂದು ಗ್ಯಾಲಕ್ಸಿಯಲ್ಲಿ ಒಂದು ಸೂಪರ್‌ನೋವಾ ಹಿಡಿದರು. ಭಾರಿ ನಕ್ಷತ್ರವೇ ಸಿಡಿದದ್ದು. ಲಡಾಖಿನ ಹಾನ್ಲೆಯ ದೂರದರ್ಶಕ, ನಮ್ಮ ಬಾಹ್ಯಾಕಾಶ ದೂರದರ್ಶಕ ಆಸ್ಟ್ರೋಸ್ಯಾಟ್ ಎರಡೂ ಅದರ ಬೆನ್ನು ಹತ್ತಿದವು. ದೂರ 2.1 ಕೋಟಿ ಜ್ಯೋತಿರ್ವರ್ಷವಾದರೂ ಇದೇ ಟೆಲಿಸ್ಕೋಪಿನಲ್ಲಿ ಚೂಪಾದ ಚುಕ್ಕೆಯಾಗಿ ಕಂಡಿತ್ತು.

“ಅಂಥದ್ದು ಇಲ್ಲೇ ಆದರೆ?”

“ಎಂ33 ಅದಕ್ಕಿಂತ ಸುಮಾರು ಎಂಟು ಪಟ್ಟು ಹತ್ತಿರ. ಬೈನಾಕ್ಯುಲರ್ ಸಾಕು.”

“ಹಾಗಾದ್ರೆ ಫೋನ್ ಮಾಡು. ಎಷ್ಟು ಹೊತ್ತಾದ್ರೂ ಅಡ್ಡಿಲ್ಲ,” ಅಂದರು ಚಿಕ್ಕಪ್ಪ.